ಹವಳದ ದ್ವೀಪಗಳ ಗುಟ್ಟು ಹುಡುಕಿದ ಡಾರ್ವಿನ್

ಮಕ್ಕಳೇ, ಚಾರ್ಲ್ಸ್ ಡಾರ್ವಿನ್ ಎಂದೊಡನೆ ನಿಮಗೆ ಜೀವವಿಕಾಸದ ಪಾಠ ನೆನಪಾಗುತ್ತದೆ, ಅಲ್ಲವೇ? ಆದರೆ ಅದಕ್ಕೂ ಮೊದಲೇ ಅವರು ಬಿಡಿಸಿದ ಇನ್ನೊಂದು ಒಗಟಿದೆ. ಮಾಲ್ಡೀವ್ಸ್, ಟುವಾಲುಗಳಂತಹ ಪುಟ್ಟ ದೇಶಗಳು ನಿಂತಿರುವ ನೆಲವೇ ಆ ಒಗಟು.

ಡಾರ್ವಿನ್ 1809ರ ಫೆಬ್ರವರಿ 12ರಂದು ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ ಹುಟ್ಟಿದರು. ಎಂಟನೆಯ ವಯಸ್ಸಿಗೇ ತಾಯಿ ತೀರಿಕೊಂಡರು. ತಂದೆ ವೈದ್ಯರು, ಮಗನೂ ವೈದ್ಯನಾಗಲಿ ಎಂದು ಎಡಿನ್‌ಬರೋಗೆ ಕಳುಹಿಸಿದರು. ಅರಿವಳಿಕೆ ಮದ್ದು ಇಲ್ಲದ ಕಾಲವದು. ಒಂದು ಮಗುವಿನ ಶಸ್ತ್ರಚಿಕಿತ್ಸೆಯನ್ನು ನೋಡಲಾರದೆ ಹುಡುಗ ಹೊರಗೆ ಓಡಿಬಂದ. ವೈದ್ಯ ವಿದ್ಯೆ ಅಲ್ಲಿಗೇ ನಿಂತಿತು. ಮುಂದೆ ಬೀಗಲ್ ಎಂಬ ಹಡಗಿನಲ್ಲಿ ಹೋಗುವ ಅವಕಾಶ ಬಂದಾಗ ತಂದೆ ಬೇಡವೆಂದರು. ಸೋದರಮಾವ ಜೋಸಯ್ಯ ವೆಡ್ಜ್‌ವುಡ್ ಬಂದು ಒಪ್ಪಿಸಿದರು. (ಮುಂದೆ ಡಾರ್ವಿನ್ ಮದುವೆಯಾದದ್ದು ಇದೇ ಸೋದರಮಾವನ ಮಗಳು ಎಮ್ಮಾಳನ್ನು!)

1831ರ ಡಿಸೆಂಬರ್ 27ರಂದು ಹಡಗು ಹೊರಟಿತು. 22 ವರ್ಷದ ಯುವಕನಿಗೆ ಸಮುದ್ರದ ವಾಂತಿ ಬಿಡಲೇ ಇಲ್ಲ. ಒಣದ್ರಾಕ್ಷಿ ತಿಂದು ದಿನ ದೂಡಿದ್ದೂ ಉಂಟು.

1835ರ ಫೆಬ್ರವರಿಯಲ್ಲಿ ಚಿಲಿ ದೇಶದಲ್ಲಿ ದೊಡ್ಡ ಭೂಕಂಪವಾಯಿತು. ಕಡಲಂಚಿನ ಬಂಡೆಗೆ ಅಂಟಿಕೊಂಡಿದ್ದ ಚಿಪ್ಪುಗಳು ನೀರಿಗಿಂತ ಕೆಲವು ಅಡಿ ಮೇಲಕ್ಕೆ ಬಂದು ಸತ್ತುಬಿದ್ದವು. ನೆಲವೇ ಮೇಲೆದ್ದಿತ್ತು! ಒಂದು ಕಡೆ ನೆಲ ಏಳುವುದಾದರೆ ಇನ್ನೊಂದು ಕಡೆ ಕುಸಿಯಬೇಕಲ್ಲವೇ ಎಂದು ಡಾರ್ವಿನ್ ಯೋಚಿಸಿದರು. ಹವಳದ ದಿಬ್ಬವನ್ನು ಕಣ್ಣಾರೆ ನೋಡುವ ಮೊದಲೇ ಹವಳದ ದ್ವೀಪಗಳ ಬಗ್ಗೆ ಅವರ ಊಹೆ ಸಿದ್ಧವಾಗಿತ್ತು.

ಹವಳ ಒಂದು ಪುಟ್ಟ ಜೀವಿ. ಅದು ಸುಣ್ಣದ ಗೂಡು ಕಟ್ಟುತ್ತದೆ. ದಿಬ್ಬ ಕಟ್ಟುವ ಹವಳಕ್ಕೆ ಬೆಳಕು ಬೇಕು, ಆದ್ದರಿಂದ ಆಳದಲ್ಲಿ ಬೆಳೆಯದು. ಹಾಗಿದ್ದರೆ ಸಾಗರದ ನಟ್ಟನಡುವೆ ಬಳೆಯ ಆಕಾರದ ಹವಳದ ದ್ವೀಪ ಹೇಗೆ ಬಂತು? ಡಾರ್ವಿನ್ನರ ಊಹೆ ಹೀಗಿತ್ತು. ಮೊದಲು ಅಲ್ಲೊಂದು ಜ್ವಾಲಾಮುಖಿ ಬೆಟ್ಟ. ಅದರ ಸುತ್ತ ಹವಳ. ಬೆಟ್ಟ ನಿಧಾನವಾಗಿ ಕುಸಿಯುತ್ತದೆ, ಹವಳ ಮೇಲಕ್ಕೆ ಬೆಳೆಯುತ್ತಲೇ ಇರುತ್ತದೆ. ಕೊನೆಗೆ ಬೆಟ್ಟ ಮುಳುಗಿ ಹವಳದ ಬಳೆ ಮಾತ್ರ ಉಳಿಯುತ್ತದೆ. ಈ ಬಳೆಗೆ ಅಟಾಲ್ ಎನ್ನುತ್ತಾರೆ. ಅದು ಮಾಲ್ಡೀವ್ಸಿನ ದಿವೇಹಿ ಭಾಷೆಯಿಂದ ಬಂದ ಪದ. ನಮ್ಮ ಲಕ್ಷದ್ವೀಪದಲ್ಲೂ ಅಟಾಲ್‌ಗಳಿವೆ. ಅಲ್ಲಿನ ಅಮಿನಿದೀವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು.

ಊಹೆ ಸಾಲದು, ಅಳತೆ ಬೇಕು. 1836ರ ಏಪ್ರಿಲ್‌ನಲ್ಲಿ ಹಿಂದೂ ಮಹಾಸಾಗರದ ಕೋಕೋಸ್ ದ್ವೀಪದಲ್ಲಿ ಹಡಗು ನಿಂತಿತು. ಕ್ಯಾಪ್ಟನ್ ಫಿಟ್ಜ್‌ರಾಯ್ ಸೀಸದ ಗುಂಡಿನ ತಳಕ್ಕೆ ಪ್ರಾಣಿಕೊಬ್ಬು ಹಚ್ಚಿ, ಹಗ್ಗ ಕಟ್ಟಿ ನೀರಿಗೆ ಇಳಿಸಿದರು. ಆಳ ಕಡಿಮೆ ಇರುವಲ್ಲಿ ಕೊಬ್ಬಿನ ಮೇಲೆ ಹವಳದ ಅಚ್ಚು ಮೂಡಿತು. ಆಳ ಹೆಚ್ಚಿದಂತೆ ಮರಳಷ್ಟೇ ಅಂಟಿ ಬಂತು. ದಡದಿಂದ ಸುಮಾರು 2 ಕಿಲೋಮೀಟರ್ ಆಚೆ 7200 ಅಡಿ ಹಗ್ಗ ಬಿಟ್ಟರೂ ತಳ ಸಿಗಲಿಲ್ಲ! ಎಂಥ ಸರಳ ಸಾಧನ, ಎಂಥ ಮಾಹಿತಿ ನೋಡಿ.

ಅದೇ ದ್ವೀಪದ ಬಾವಿಗಳನ್ನೂ ಡಾರ್ವಿನ್ ಗಮನಿಸಿದರು. ಸಮುದ್ರದ ಉಬ್ಬರವಿಳಿತಕ್ಕೆ ತಕ್ಕಂತೆ ಬಾವಿಯ ನೀರೂ ಏರಿ ಇಳಿಯುತ್ತಿತ್ತು, ಆದರೂ ನೀರು ಸಿಹಿ. ಮಳೆನೀರು ಹಗುರವಾದ್ದರಿಂದ ನೆಲದೊಳಗಿನ ಉಪ್ಪುನೀರಿನ ಮೇಲೆ ತೇಲುತ್ತದೆ ಎಂದು ಅವರು ವಿವರಿಸಿದರು. ನೀವೂ ನೋಡಬಹುದು. ಒಂದು ಲೋಟದಲ್ಲಿ ಗಟ್ಟಿ ಉಪ್ಪುನೀರು ಹಾಕಿ. ಶಾಯಿ ಬೆರೆಸಿದ ಸಿಹಿನೀರನ್ನು ಚಮಚದ ಬೆನ್ನಿನ ಮೇಲೆ ನಿಧಾನವಾಗಿ ಸುರಿಯಿರಿ. ಬಣ್ಣದ ನೀರು ಮೇಲೆಯೇ ನಿಲ್ಲುತ್ತದೆ. ಈ ತೆಳುವಾದ ಪದರವೇ ಹವಳದ್ವೀಪದವರ ಜೀವಜಲ. ಹೆಚ್ಚು ಎತ್ತಿದರೆ ಕೆಳಗಿನ ಉಪ್ಪುನೀರು ಮೇಲೆ ಬರುತ್ತದೆ. ಮಾಲ್ಡೀವ್ಸಿನ ರಾಜಧಾನಿ ಮಾಲೆಯಲ್ಲಿ ಹಾಗೆಯೇ ಆಯಿತು. ಅಲ್ಲಿ ಈಗ ಸಮುದ್ರದ ನೀರಿನಿಂದ ಉಪ್ಪು ತೆಗೆದು ಕುಡಿಯುತ್ತಾರೆ. 2014ರ ಡಿಸೆಂಬರ್‌ನಲ್ಲಿ ಆ ಘಟಕಕ್ಕೆ ಬೆಂಕಿ ಬಿದ್ದಾಗ ಭಾರತದಿಂದ ವಿಮಾನ, ಹಡಗುಗಳಲ್ಲಿ ನೀರು ಹೋಯಿತು.

ಊರಿಗೆ ಮರಳಿದ ಡಾರ್ವಿನ್ ನೂರಾರು ನಾವಿಕರ ನಕ್ಷೆಗಳನ್ನು ಸೇರಿಸಿ 1842ರಲ್ಲಿ ಹವಳದ ದಿಬ್ಬಗಳ ಮೇಲೆ ಪುಸ್ತಕ ಬರೆದರು. ಕೆಲವರು ಒಪ್ಪಲಿಲ್ಲ. ಯಾರಾದರೂ ಸಿರಿವಂತರು ಒಂದು ಅಟಾಲ್‌ನಲ್ಲಿ ಆಳವಾಗಿ ಕೊರೆಯಿಸಬಾರದೇ ಎಂದು 1881ರಲ್ಲಿ ಪತ್ರವೊಂದರಲ್ಲಿ ಆಸೆಪಟ್ಟರು. ಮರುವರ್ಷ ಏಪ್ರಿಲ್ 19ರಂದು ತೀರಿಕೊಂಡರು.

1896ರಿಂದ 1898ರವರೆಗೆ ಟುವಾಲುವಿನ ಫುನಾಫುಟಿಯಲ್ಲಿ 1114 ಅಡಿ ಕೊರೆದರು. ಬರೀ ಹವಳದ ಸುಣ್ಣಕಲ್ಲು, ಬೆಟ್ಟ ಸಿಗಲಿಲ್ಲ. ಕಡೆಗೆ 1952ರಲ್ಲಿ, ಅಣುಬಾಂಬ್ ಪರೀಕ್ಷೆಗಾಗಿ ಅಮೆರಿಕ ಆರಿಸಿಕೊಂಡಿದ್ದ ಎನಿವೆಟಾಕ್ ಅಟಾಲ್‌ನಲ್ಲಿ 4000 ಅಡಿಗೂ ಕೆಳಗೆ ಜ್ವಾಲಾಮುಖಿಯ ಕಲ್ಲು ಸಿಕ್ಕಿತು. ಹಿಮಯುಗಗಳಲ್ಲಿ ಸಮುದ್ರ ಇಳಿದು ಏರಿದ್ದೂ ಬಳೆಯ ಆಕಾರಕ್ಕೆ ಕಾರಣ ಎಂದು ಈಗಿನ ವಿಜ್ಞಾನಿಗಳು ಸೇರಿಸುತ್ತಾರೆ. ಆದರೂ ಬೆಟ್ಟ ಕುಸಿಯುತ್ತದೆ ಎಂಬ ಮಾತು ನಿಂತಿದೆ.

ಬೆಟ್ಟದ ಕುಸಿತ ಬಹಳ ನಿಧಾನ, ಲಕ್ಷಾಂತರ ವರ್ಷಗಳ ಕೆಲಸ. ಹವಳಕ್ಕೆ ಬೆಳೆಯಲು ಸಮಯವಿತ್ತು. ಈಗ ಹಾಗಲ್ಲ. ಉಪಗ್ರಹಗಳ ಅಳತೆಯಂತೆ 1993ರಿಂದೀಚೆಗೆ ಜಗತ್ತಿನ ಸಮುದ್ರಮಟ್ಟ ಸರಾಸರಿ ಸುಮಾರು 10 ಸೆಂಟಿಮೀಟರ್ ಏರಿದೆ. ನೀರು ಬಿಸಿಯಾದರೆ ಹವಳ ಬಿಳಿಚಿ ಸಾಯುತ್ತದೆ; 1998ರಲ್ಲಿ ಮಾಲ್ಡೀವ್ಸ್, ಲಕ್ಷದ್ವೀಪಗಳಲ್ಲಿ ಅದೇ ನಡೆಯಿತು.

ಅಂದು ಕೊರೆದ ಫುನಾಫುಟಿಯಲ್ಲಿ 1993ರಿಂದ ಒಂದು ಉಪಕರಣ ಸಮುದ್ರದ ಮಟ್ಟವನ್ನು ಬರೆದಿಡುತ್ತಿದೆ. ಟುವಾಲು 2023ರಲ್ಲಿ ಆಸ್ಟ್ರೇಲಿಯಾದೊಡನೆ ಒಪ್ಪಂದ ಮಾಡಿಕೊಂಡಿತು. ಅದರ ಪ್ರಕಾರ ವರ್ಷಕ್ಕೆ 280 ಮಂದಿ ಅಲ್ಲಿಗೆ ಹೋಗಿ ನೆಲೆಸಬಹುದು. ಆ ದೇಶದ ಜನಸಂಖ್ಯೆ ಹೆಚ್ಚುಕಡಿಮೆ 10 ಸಾವಿರ. ವರ್ಷಕ್ಕೆ 280ರಂತೆ ಹೋದರೆ ಎಷ್ಟು ವರ್ಷವಾದೀತು? ಲೆಕ್ಕ ಮಾಡಿ ನೋಡಿ.