ರವೀಂದ್ರರ ಅಂತರಂಗದ ಅಳಲು

ಕಾರವಾರದ ಕಡಲತಡಿಗೆ ರವೀಂದ್ರನಾಥ ಠಾಕೂರರ ಹೆಸರಿದೆ. ಅಂಕೋಲೆಯಿಂದ ಹೊರಟು ಹಟ್ಟಿಕೇರಿಯನ್ನು ದಾಟಿ ಕಾರವಾರಕ್ಕೆ ಹೋಗಿಬರುವ ನಮ್ಮ ಕಡೆಯ ವಿದ್ಯಾರ್ಥಿಗಳಿಗೆ ಈ ಹೆಸರು ಚಿರಪರಿಚಿತ. ಅದನ್ನು ಕೇಳಿದೊಡನೆ ಬೆಳ್ಳಿಗಡ್ಡದ, ನೀಳವಾದ ನಿಲುವಂಗಿಯ, ಪ್ರಶಾಂತವದನದ ಋಷಿಸದೃಶ ಮೂರ್ತಿಯೊಂದು ಕಣ್ಣೆದುರು ನಿಲ್ಲುತ್ತದೆ. ದುಃಖವು ಈ ಮುಖವನ್ನು ಎಂದಾದರೂ ಸೋಕಿರಬಹುದೆ ಎಂದು ಸಂಶಯವಾಗುವಷ್ಟು ಆ ಮೂರ್ತಿ ಸೌಮ್ಯ. ಆದರೆ ಆ ಸೌಮ್ಯತೆ ಹುಟ್ಟಿನೊಂದಿಗೆ ಬಂದ ವರವಲ್ಲ. ಅದರ ಹಿಂದೆ ಸುದೀರ್ಘವಾದ, ಬಹುಮಟ್ಟಿಗೆ ಮೌನವಾದ ಒಂದು ಹೋರಾಟವಿತ್ತು. ಕವಿಯ ಕೀರ್ತಿಯನ್ನು ಬಲ್ಲ ನಾವು ಆ ಹೋರಾಟವನ್ನೂ ಅರಿಯುವುದು ಉಚಿತ.

ರವೀಂದ್ರರು ಹುಟ್ಟಿದ್ದು 1861ರ ಮೇ 7ರಂದು, ಕಲಕತ್ತೆಯ ಜೋಡಾಸಾಂಕೋದ ಮಹಾಮನೆಯಲ್ಲಿ. ತಂದೆ ಮಹರ್ಷಿ ದೇವೇಂದ್ರನಾಥರು ಬಹುಕಾಲ ಸಂಚಾರದಲ್ಲಿರುತ್ತಿದ್ದರು; ಮಕ್ಕಳು ಬೆಳೆದುದು ಆಳುಗಳ ಕೈಯಲ್ಲಿ. 1875ರಲ್ಲಿ ತಾಯಿ ಶಾರದಾದೇವಿ ತೀರಿಕೊಂಡಾಗ ಬಾಲಕನಿಗೆ ಇನ್ನೂ ಹದಿನಾಲ್ಕು ತುಂಬಿರಲಿಲ್ಲ. ಆಗ ಅವನನ್ನು ಸಂತೈಸಿ ಸಲಹಿದವರು ಅಣ್ಣ ಜ್ಯೋತಿರಿಂದ್ರನಾಥರ ಪತ್ನಿ ಕಾದಂಬರೀದೇವಿ. ಎಳೆಯ ಸೊಸೆಯಾಗಿ ಆ ಮನೆಗೆ ಬಂದ ಈಕೆ ಮೈದುನನಿಗೆ ಎರಡೇ ವರ್ಷ ಹಿರಿಯಳು. ಆಟದ ಗೆಳತಿ, ಅವನ ಮೊದಲ ಕವಿತೆಗಳ ಓದುಗಳು, ಸುಲಭವಾಗಿ ಮೆಚ್ಚದ ವಿಮರ್ಶಕಿ.

1883ರಲ್ಲಿ ಇನ್ನೊಬ್ಬ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಭಾರತೀಯರಲ್ಲಿ ಮೊತ್ತಮೊದಲು ಸಿವಿಲ್ ಸರ್ವಿಸ್ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಇವರೇ. ಇಪ್ಪತ್ತೆರಡರ ತರುಣ ರವೀಂದ್ರರು ಅಣ್ಣನ ಮನೆಗೆ ಬಂದು ಕೆಲಕಾಲ ತಂಗಿದರು. ಬೆಟ್ಟಗಳ ಆವರಣ, ಅರ್ಧಚಂದ್ರಾಕಾರದ ಮಳಲ ತಡಿ, ಗಾಳಿಮರಗಳ ತೋಪು, ಕಡಲನ್ನು ಕೂಡುವ ಕಾಳೀನದಿ ಇವೆಲ್ಲ ಅವರ ಮನಸ್ಸನ್ನು ಸೆರೆಹಿಡಿದವು. ಒಂದು ಬೆಳುದಿಂಗಳಿರುಳು ದೋಣಿಯಲ್ಲಿ ನದಿಯ ಮೇಲ್ಗಡೆಗೆ ಸಾಗಿ, ಹಳೆಯ ಕೋಟೆಯ ಗುಡ್ಡವನ್ನು ಕಂಡು, ರೈತನೊಬ್ಬನ ಗುಡಿಸಿ ಸಾರಿಸಿದ ಅಂಗಳದಲ್ಲಿ ಉಂಡು, ಕಡಲ ತಡಿಯಗುಂಟ ನಡೆದು ಮನೆಗೆ ಮರಳಿದ ನೆನಪನ್ನು ಅವರು ಐವತ್ತರ ಹರೆಯದಲ್ಲಿಯೂ ಉಳಿಸಿಕೊಂಡಿದ್ದರು.

ಇಲ್ಲಿಯೇ ಅವರು ‘ಪ್ರಕೃತಿರ್ ಪ್ರತಿಶೋಧ’ ಎಂಬ ನಾಟಕವನ್ನು ರಚಿಸಿದರು. ಅದರ ನಾಯಕನೊಬ್ಬ ಸಂನ್ಯಾಸಿ. ಮೋಹ ಮಮತೆಗಳನ್ನೆಲ್ಲ ಕಡಿದೊಗೆದು ಪ್ರಕೃತಿಯನ್ನು ಗೆಲ್ಲುವೆನೆಂದು ಅವನು ಹೊರಟಿದ್ದಾನೆ. ಅನಾಥ ಬಾಲೆಯೊಬ್ಬಳ ಪ್ರೀತಿ ಅವನನ್ನು ಮತ್ತೆ ಲೋಕದ ಕಡೆಗೆ ಸೆಳೆಯುತ್ತದೆ. ಅದಕ್ಕೆ ಅಂಜಿ ಅವನು ಅವಳನ್ನು ತೊರೆದು ಓಡುತ್ತಾನೆ. ಕಡೆಗೆ ಮನಸ್ಸು ಕರಗಿ ಮರಳುವ ಹೊತ್ತಿಗೆ ಬಾಲೆ ಬದುಕಿಲ್ಲ. ತಮ್ಮ ಮುಂದಿನ ಸಾಹಿತ್ಯಕ್ಕೆಲ್ಲ ಈ ನಾಟಕವೇ ಪೀಠಿಕೆಯೆಂದು ರವೀಂದ್ರರು ತರುವಾಯ ಒಪ್ಪಿದ್ದಾರೆ. ಅದು ಅವರ ಬಾಳಿಗೂ ಪೀಠಿಕೆಯಾಗುವುದೆಂದು ಆಗ ಯಾರು ತಾನೆ ತಿಳಿದಾರು?

ಕಾರವಾರದಿಂದ ಮರಳಿದ ಮೇಲೆ, ಅದೇ ವರ್ಷದ ಡಿಸೆಂಬರಿನಲ್ಲಿ, ರವೀಂದ್ರರಿಗೆ ಮೃಣಾಲಿನೀದೇವಿಯೊಡನೆ ವಿವಾಹವಾಯಿತು. ನಾಲ್ಕು ತಿಂಗಳು ಉರುಳುವಷ್ಟರಲ್ಲಿ, 1884ರ ಏಪ್ರಿಲಿನಲ್ಲಿ, ಕಾದಂಬರೀದೇವಿ ತಮ್ಮ ಪ್ರಾಣವನ್ನು ತಾವೇ ನೀಗಿಕೊಂಡರು. ವಯಸ್ಸು ಇಪ್ಪತ್ತೈದರ ಆಸುಪಾಸು. ಮಕ್ಕಳಿಲ್ಲದ ಆ ಸೂಕ್ಷ್ಮ ಮನಸ್ಸಿನ ಹೆಣ್ಣುಮಗಳು ಒಳಗೊಳಗೇ ಏನೇನು ಬೇಗುದಿಯನ್ನು ನುಂಗಿದ್ದಳೋ! ಆ ಕುರಿತು ಲೋಕ ಹೆಣೆದ ಊಹೆಗಳು ನೂರಾರು. ಅವುಗಳಲ್ಲಿ ಬಹುಪಾಲು ಸಹೃದಯರ ಕಿವಿಗೆ ಯೋಗ್ಯವಾದವಲ್ಲ. ವಿದ್ಯೆ, ಸಂಗೀತ, ನಾಟಕಗಳಿಂದ ತುಂಬಿ ತುಳುಕುತ್ತಿದ್ದ ಮನೆಯಲ್ಲಿಯೂ ಒಂದು ಜೀವದ ಅಳಲು ಯಾರ ಕಿವಿಗೂ ಬೀಳದೆ ಹೋಯಿತೆಂಬುದೊಂದೇ ನಿಶ್ಚಯ. ಸಾವಿನ ಬಳಿಕವೂ ಮನೆತನ ಆ ಸಂಗತಿಯನ್ನು ಹೊರಗೆಡಹಲಿಲ್ಲ.

ಈ ಪೆಟ್ಟು ರವೀಂದ್ರರನ್ನು ಬುಡಸಹಿತ ಅಲುಗಿಸಿತು. ಲೋಕದ ರೀತಿನೀತಿಗಳು ಅವರಿಗೆ ನಗೆಗೀಡಾಗಿ ತೋರತೊಡಗಿದವು. ಉಡುಗೆಯ ಪರಿವೆ ತಪ್ಪಿತು. ದಪ್ಪ ಹೊದಿಕೆಯೊಂದನ್ನು ಮೈಮೇಲೆ ಎಳೆದುಕೊಂಡು, ಚಪ್ಪಲಿಯಲ್ಲಿಯೇ ಕಲಕತ್ತೆಯ ಪ್ರತಿಷ್ಠಿತ ಪುಸ್ತಕದಂಗಡಿಗೆ ಹೋಗಿಬರುತ್ತಿದ್ದರು. ಮಳೆ ಚಳಿಗಳೆನ್ನದೆ ಮೂರನೆಯ ಅಂತಸ್ತಿನ ಬಯಲು ಮಾಳಿಗೆಯಲ್ಲಿ ಮಲಗುತ್ತಿದ್ದರು. ಇದನ್ನೆಲ್ಲ ಅವರು ಬರೆದುದು 1912ರಲ್ಲಿ ಗ್ರಂಥರೂಪವಾಗಿ ಬಂದ ‘ಜೀವನಸ್ಮೃತಿ’ಯಲ್ಲಿ. ಅಲ್ಲಿಯೂ ಸತ್ತವರ ಹೆಸರಿಲ್ಲ, ಸಾವಿನ ಬಗೆಯಿಲ್ಲ. ಅಷ್ಟು ವರ್ಷಗಳಾದರೂ ಆ ಗಾಯವನ್ನು ಅವರು ಮರೆಯಲ್ಲಿಯೇ ಇಟ್ಟಿದ್ದರು.

ಮುಂದೆ ಸಾವು ಅವರ ಮನೆಯ ದಾರಿಯನ್ನು ಕಲಿತಂತಾಯಿತು. 1901ರ ಕೊನೆಯಲ್ಲಿ ಶಾಂತಿನಿಕೇತನದಲ್ಲಿ ಪಾಠಶಾಲೆ ತೆರೆದು ಒಂದು ವರ್ಷವಾಗುವಷ್ಟರಲ್ಲಿ, 1902ರ ನವೆಂಬರ್ 23ರಂದು, ಪತ್ನಿ ತೀರಿಕೊಂಡರು. ಆಕೆಯ ಕೊನೆಯ ದಿನಗಳ ಶುಶ್ರೂಷೆಯನ್ನೆಲ್ಲ ರವೀಂದ್ರರೇ ಕೈಯಾರೆ ಮಾಡಿದ್ದರು. ಮರುವರ್ಷ ಕ್ಷಯಪೀಡಿತಳಾದ ಮಗಳು ರೇಣುಕೆಯನ್ನು ಆಲ್ಮೋರದ ಗಾಳಿಗೆ ಕರೆದೊಯ್ದರೂ ಆಕೆ ಉಳಿಯಲಿಲ್ಲ. 1905ರಲ್ಲಿ ತಂದೆ ಗತಿಸಿದರು. 1907ರ ನವೆಂಬರ್ 23ರಂದು, ತಾಯಿ ಸತ್ತ ದಿನದಂದೇ, ಹನ್ನೊಂದು ಇನ್ನೂ ತುಂಬದ ಕಿರಿಯ ಮಗ ಶಮೀಂದ್ರ ಮುಂಗೇರದಲ್ಲಿ ಕಾಲರಾಕ್ಕೆ ಬಲಿಯಾದ. ಅಲ್ಲಿಂದ ರೈಲಿನಲ್ಲಿ ಮರಳುವಾಗ ಆಕಾಶದ ತುಂಬ ಬೆಳುದಿಂಗಳು ಚೆಲ್ಲಿತ್ತು. ತನ್ನ ಪಾಲಿಗೆ ಎಲ್ಲವೂ ಬರಿದಾದ ಹೊತ್ತಿನಲ್ಲಿ ವಿಶ್ವದಲ್ಲಿ ಎಲ್ಲಿಯೂ ಕೊರತೆಯ ಗುರುತಿಲ್ಲ. ಆ ಅಖಂಡತೆಯೊಳಗೆ ತಾನೂ ಇದ್ದೇನೆ, ತನ್ನ ಕೆಲಸವೂ ಉಳಿದಿದೆ ಎಂದು ತಂದೆಗೆ ತೋರಿತು. ಈ ಅನುಭವವನ್ನು ಅವರು ಬಿಚ್ಚಿ ಹೇಳಿದ್ದು ಇಪ್ಪತ್ತೈದು ವರ್ಷಗಳ ಮೇಲೆ, 1932ರಲ್ಲಿ; ಒಬ್ಬನೇ ಮಗನನ್ನು ಕಳೆದುಕೊಂಡ ಮಗಳು ಮೀರಾಳನ್ನು ಸಂತೈಸುವಾಗ. ತನ್ನ ನೋವನ್ನು ಮರೆಯಿಂದ ತೆಗೆದು ಇನ್ನೊಂದು ನೋವಿನ ಕೈಗೆ ಊರುಗೋಲಾಗಿ ಕೊಟ್ಟ ಪರಿಯಿದು.

ಇಲ್ಲಿಗೆ ನಿಲ್ಲಿಸಿದರೆ ಚರಿತ್ರೆ ಮನೋಹರವಾಗುತ್ತದೆ, ಆದರೆ ಅಪೂರ್ಣವಾಗುತ್ತದೆ. 1913ರಲ್ಲಿ ನೊಬೆಲ್ ಪಾರಿತೋಷಕ ಬಂದು ಜಗತ್ತೇ ಅವರತ್ತ ತಿರುಗಿತು. ಮರುವರ್ಷವೇ, ಹೊಸ ಸಾವೊಂದು ಎರಗದಿದ್ದರೂ, ಅವರನ್ನು ಗಾಢವಾದ ವಿಷಾದವೊಂದು ಕವಿಯಿತು. ಮಾಡಿದುದೆಲ್ಲ ವ್ಯರ್ಥ, ಬಾಳು ಬೇಡ ಎಂಬ ಭಾವ ಹಗಲಿರುಳು ಬೆನ್ನಟ್ಟಿತು. ಬೆಳುದಿಂಗಳ ದರ್ಶನ ಪಡೆದ ಕವಿಗೂ ಈ ಕತ್ತಲೆ ತಪ್ಪಲಿಲ್ಲ. ಆದರೆ ಈ ಸಲ ಅವರು ಅದನ್ನು ಒಳಗೇ ಬಚ್ಚಿಡಲಿಲ್ಲ. ಮಗ ರಥೀಂದ್ರನಾಥನಿಗೆ ಪತ್ರ ಬರೆದು, ಮನಸ್ಸಿನ ಸ್ಥಿತಿಯನ್ನು ಮರೆಮಾಚದೆ ತಿಳಿಸಿದರು. ಇದೊಂದು ವ್ಯಾಧಿಯೆಂದು ಗುರುತಿಸಿದರು. ಮಿತ್ರ ಆಂಡ್ರೂಸರಿಗೂ ತಮ್ಮ ಬೇಗೆಯನ್ನು ಅರುಹಿದರು. ಲೋಕ ಪೂಜಿಸುತ್ತಿದ್ದ ತಂದೆ ಮಗನೆದುರು ತನ್ನ ದೌರ್ಬಲ್ಯವನ್ನು ತೆರೆದಿಡುವುದು ಸಣ್ಣ ಸಾಹಸವಲ್ಲ. ಆ ಕತ್ತಲೆ ಕ್ರಮೇಣ ತಿಳಿಯಾಯಿತು. 1918ರಲ್ಲಿ ಹಿರಿಯ ಮಗಳು ಮಾಧುರೀಲತೆಯೂ ಕ್ಷಯದಿಂದ ತೀರಿಕೊಂಡಳು. ಅವರ ಕೆಲಸ ನಿಲ್ಲಲಿಲ್ಲ. ಅರವತ್ತು ದಾಟಿದ ಮೇಲೆ, ಹಸ್ತಪ್ರತಿಯ ಹೊಡೆದುಹಾಕಿದ ಸಾಲುಗಳಿಗೆ ರೇಖೆ ಕೂಡಿಸುತ್ತ ಕೂಡಿಸುತ್ತ ಚಿತ್ರಕಾರರಾದರು. 1930ರಲ್ಲಿ ಪ್ಯಾರಿಸಿನಲ್ಲಿ ಅವರ ಚಿತ್ರಗಳ ಪ್ರದರ್ಶನ ನಡೆಯಿತು. 1941ರ ಆಗಸ್ಟ್ 7ರಂದು, ತಾವು ಹುಟ್ಟಿದ ಮನೆಯಲ್ಲಿಯೇ, ಅವರು ಕೊನೆಯುಸಿರೆಳೆದರು.

ದುಃಖವೇ ಕವಿಯನ್ನು ನಿರ್ಮಿಸುತ್ತದೆಂಬ ಮಾತು ಸಾಹಿತ್ಯಪ್ರಿಯರಿಗೆ ಇಷ್ಟವಾದುದು. ಈ ಚರಿತ್ರೆ ಆ ಮಾತನ್ನು ಸಮರ್ಥಿಸುವುದಿಲ್ಲ. ಅದೇ ಮನೆಯಲ್ಲಿ ಅದೇ ದುಃಖ ಕಾದಂಬರೀದೇವಿಯನ್ನು ನುಂಗಿಹಾಕಿತಲ್ಲವೆ? ಆಕೆಗೆ ಇಲ್ಲದ ಹಲವು ಆಸರೆಗಳು ರವೀಂದ್ರರಿಗಿದ್ದವು: ಲೇಖನಿ, ನಿತ್ಯದ ಕೆಲಸ, ಓಡಾಡಲು ಹೊರಲೋಕ, ಎಲ್ಲಕ್ಕೂ ಮಿಗಿಲಾಗಿ ತಮ್ಮ ಕತ್ತಲೆಯನ್ನು ಹೇಳಿಕೊಳ್ಳಲು ನಂಬಿಕೆಯ ಜನ. ಆಸರೆಯಿಲ್ಲದವನಿಗೆ ಧೈರ್ಯವನ್ನಷ್ಟೇ ಉಪದೇಶಿಸುವುದು ನಿರ್ದಯ. ಮನೋವ್ಯಾಧಿಗೆ ಚಿಕಿತ್ಸೆಯುಂಟೆಂಬುದು ಇಂದು ನಮಗೆ ತಿಳಿದಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಂಥ ಆಲಯಗಳಿವೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರಕಾರಿ ಸೇವೆಯಲ್ಲಿ 14416 ಎಂಬ ಸಂಖ್ಯೆಗೆ ಕರೆಮಾಡಿ ಹಗಲಿರುಳೆನ್ನದೆ ಕನ್ನಡದಲ್ಲಿಯೇ ಅಳಲನ್ನು ಹೇಳಿಕೊಳ್ಳಬಹುದು. ಪರೀಕ್ಷೆಯ ಸೋಲನ್ನೋ ಮನೆಯ ನೋವನ್ನೋ ನುಂಗಿಕೊಂಡು ತರಗತಿಯ ಹಿಂಬದಿಯಲ್ಲಿ ಮೌನವಾಗಿ ಕುಳಿತ ಹುಡುಗ ಹುಡುಗಿಯರಿಗೆ ಇದು ತಿಳಿದಿರಬೇಕು. ಅವರಿಗೆ ಕಲಿಸುವ ನಮಗೆ ಇನ್ನೂ ಮೊದಲೇ ತಿಳಿದಿರಬೇಕು.

ಕಾರವಾರದ ನಾಟಕದ ಸಂನ್ಯಾಸಿ ಪ್ರೀತಿಯ ಬೆಲೆಯನ್ನು ಅರಿತು ಮರಳಿದನು. ಆದರೆ ತಡವಾಗಿ ಮರಳಿದನು. ನಮ್ಮ ನಡುವೆ ಮಾತಿಲ್ಲದೆ ಬಾಡುತ್ತಿರುವವರ ಬಳಿಗೆ ನಾವು ಅವನಂತೆ ತಡವಾಗಿ ಹೋಗಬಾರದು.