ಸಭಾಪಾಲಕರ ಗುರು ಹರ್ಮನ್ ಮೋಗ್ಲಿಂಗ್

ಕನ್ನಡ ಪತ್ರಿಕೆಗಳ ಚರಿತ್ರೆಯನ್ನು ಓದಿದ ಪ್ರತಿಯೊಬ್ಬ ವಿದ್ಯಾರ್ಥಿಗೂ ಹರ್ಮನ್ ಮೋಗ್ಲಿಂಗರ ಹೆಸರು ಪರಿಚಿತವಾದುದೇ. 1843ನೆಯ ಇಸವಿ ಜುಲೈ 1ರಂದು ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಮುದ್ರಣವಾಗಿ ಹೊರಬಿದ್ದ ಮಂಗಳೂರ ಸಮಾಚಾರವು ಕನ್ನಡದ ಪ್ರಥಮ ವೃತ್ತಪತ್ರಿಕೆ. ಅದರ ಸಂಪಾದಕರು ಈ ಜರ್ಮನ್ ಮಹನೀಯರು. ಜುಲೈ 1ನ್ನು ನಾವು ಪತ್ರಿಕಾ ದಿನವೆಂದು ಆಚರಿಸುವುದೂ ಇದೇ ಕಾರಣದಿಂದ. ಪರೀಕ್ಷೆಯಲ್ಲಿ ಉತ್ತರ ಬರೆಯಲು ಇಷ್ಟು ಸಾಕು. ಆದರೆ ಆ ಪತ್ರಿಕೆ ಒಂದು ವರ್ಷ ತುಂಬುವ ಮೊದಲೇ ಬಳ್ಳಾರಿಗೆ ಸ್ಥಳಾಂತರವಾಗಿ ಕನ್ನಡ ಸಮಾಚಾರವೆಂದು ಹೆಸರು ಬದಲಿಸಿಕೊಂಡಿತು. ಮೋಗ್ಲಿಂಗರಾದರೋ ಈ ನಾಡಿನಲ್ಲಿ ಎರಡು ದಶಕಗಳಿಗೂ ಮಿಕ್ಕು ದುಡಿದವರು. ಉಳಿದ ವರ್ಷಗಳನ್ನು ಅವರು ಯಾವುದಕ್ಕೆ ಸವೆಸಿದರು? ಇಲ್ಲಿಯ ಯುವಕರನ್ನೇ ಸತ್ಯವೇದದಲ್ಲಿ ಪಳಗಿಸಿ, ಸಭೆಗಳನ್ನು ನಡೆಸಬಲ್ಲ ಪಾಲಕರನ್ನಾಗಿ ಮಾಡುವುದಕ್ಕೆ. ಈ ಸಂಗತಿಯನ್ನು ನಮ್ಮ ಪಠ್ಯಪುಸ್ತಕಗಳು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ.

ಖಟಕ ಚಿಂಚೋಳಿಯವನಾದ ನಾನು ಕಡಲ ತೀರದ ಈ ಕತೆಯನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. ನಮ್ಮ ಬೀದರ ಜಿಲ್ಲೆಯ ಹಳ್ಳಿಗಳಲ್ಲಿ ಮೆಥೊಡಿಸ್ಟ್ ಸಭೆಯವರ ಚಿಕ್ಕ ಚಿಕ್ಕ ದೇವಾಲಯಗಳಿವೆ. ಅಲ್ಲಿಯ ಪಾಸ್ಟರು ನಮ್ಮಂತೆಯೇ ಹೊಲಮನೆಯ ಕುಟುಂಬದಿಂದ ಬಂದವರು. ಅಕ್ಷರ ಬಾರದವರಿಗೆ ನಮ್ಮದೇ ಮಾತಿನಲ್ಲಿ ಸತ್ಯವೇದವನ್ನೋದಿ ಅರ್ಥ ಬಿಡಿಸಿ ಹೇಳುತ್ತಾರೆ. ಅದು ಹಾಗೆಯೇ ಇರತಕ್ಕದ್ದೆಂದು ನಾವು ತಿಳಿದಿದ್ದೇವೆ. ಆದರೆ ವೇದಿಕೆಯ ಮೇಲೆ ನಿಂತು ಸಭೆಯನ್ನು ನಡೆಸುವವನು ಪರದೇಶದವನೇ ಆಗಿರಬೇಕೋ, ಈ ಮಣ್ಣಿನವನೂ ಆಗಬಹುದೋ ಎಂಬುದು ಒಂದು ಕಾಲದಲ್ಲಿ ದೊಡ್ಡ ಪ್ರಶ್ನೆಯಾಗಿತ್ತು.

ಮೋಗ್ಲಿಂಗರು ಜನಿಸಿದ್ದು 1811ನೆಯ ಮೇ 29ರಂದು, ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯ ಬ್ರಾಕನ್‌ಹೈಮ್ ಎಂಬ ಊರಿನಲ್ಲಿ. ಟ್ಯೂಬಿಂಗನ್ ವಿಶ್ವವಿದ್ಯಾನಿಲಯದಲ್ಲಿ ದೇವತಾಶಾಸ್ತ್ರವನ್ನು ಓದಿದರು. ಸ್ವದೇಶದಲ್ಲಿಯೇ ಒಳ್ಳೆಯ ಸ್ಥಾನದಲ್ಲಿ ನೆಮ್ಮದಿಯಾಗಿ ಇರಬಹುದಾಗಿದ್ದ ಈ ವಿದ್ವಾಂಸರು ಬಾಸೆಲ್ ಮಿಷನ್ನನ್ನು ಸೇರಿ 1836ರಲ್ಲಿ ಮಂಗಳೂರಿಗೆ ಬಂದಿಳಿದರು. ಅದಕ್ಕೆ ಎರಡು ವರ್ಷ ಮುಂಚೆ, 1834ರಲ್ಲಿ, ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಅಲ್ಲಿ ಮಿಷನ್ನಿನ ಕಾರ್ಯವನ್ನು ಆರಂಭಿಸಿದ್ದರು. ಮೋಗ್ಲಿಂಗರು ಮೊದಲು ಧಾರವಾಡ, ಹುಬ್ಬಳ್ಳಿಗಳ ಕಡೆ ಕೆಲಕಾಲ ಇದ್ದು, ಬಳಿಕ ಮಂಗಳೂರಿಗೆ ಮರಳಿ ಶಾಲೆಯ ಹೊಣೆಯನ್ನು ಹೊತ್ತರು.

ಆ ಹೊತ್ತಿಗೆ ಕನ್ನಡದಲ್ಲಿ ಸತ್ಯವೇದ ಇರಲಿಲ್ಲವೆಂದಲ್ಲ. ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರ ಶ್ರಮದಿಂದ 1831ರ ವೇಳೆಗೆ ಇಡೀ ಗ್ರಂಥ ಕನ್ನಡದಲ್ಲಿ ಅಚ್ಚಾಗಿತ್ತು. ಗ್ರಂಥವಿದ್ದರೂ ಅದನ್ನು ಜನರ ಮುಂದೆ ಬಿಡಿಸಿ ಹೇಳಬಲ್ಲ ಈ ನೆಲದ ಬೋಧಕರ ಕೊರತೆಯಿತ್ತು. ಮಿಷನ್ನಿನಲ್ಲಿ ಉಪದೇಶಿಗಳೆಂದು ಕೆಲವರಿದ್ದರು. ಅವರು ಯುರೋಪಿಯನ್ ಬೋಧಕರ ಕೈಕೆಳಗಿನ ಸಹಾಯಕರು. ಮೋಗ್ಲಿಂಗರ ಯೋಚನೆ ಇದಕ್ಕಿಂತ ಮುಂದೆ ಹೋಯಿತು. ಹುಡುಗರಿಗೆ ಅವರ ಭಾಷೆಯಲ್ಲಿಯೇ ಆಳವಾದ ವಿದ್ಯೆ ಕೊಡಬೇಕು, ಕಾಲ ಬಂದಾಗ ಅವರಿಗೆ ಸಭಾಪಾಲಕ ದೀಕ್ಷೆಯನ್ನೂ ಕೊಡಬೇಕು ಎಂಬುದು ಅವರ ಹಂಬಲ. ಹೀಗೆ ಮೊಳೆತ ವಿದ್ಯಾಶಾಲೆಯು 1847ರಲ್ಲಿ ಮಂಗಳೂರಿನ ಬಲ್ಮಠದಲ್ಲಿ ದೇವತಾಶಾಸ್ತ್ರದ ಸೆಮಿನರಿಯಾಗಿ ರೂಪುಗೊಂಡಿತು.

ಅವರ ಕ್ರಮದಲ್ಲಿ ನನ್ನ ಮನಸ್ಸನ್ನು ಬಹಳವಾಗಿ ಸೆಳೆದುದು ಒಂದು. ಅವರು ವಿದ್ಯಾರ್ಥಿಗಳನ್ನು ದೂರದಲ್ಲಿರಿಸಿ ಪಾಠ ಹೇಳಿ ಎದ್ದು ಹೋಗುವ ಗುರುಗಳಾಗಿರಲಿಲ್ಲ. ಅವರ ಜತೆಯಲ್ಲಿಯೇ ವಾಸಮಾಡಿ, ಒಂದು ಮನೆಯವರಂತೆ ಇರಲು ಬಯಸಿದರು. ಬಿಳಿಯರಿಗೂ ಕರಿಯರಿಗೂ ನಡುವೆ ಊಟ, ಸಂಬಳ, ಮರ್ಯಾದೆಗಳಲ್ಲಿದ್ದ ಅಂತರವನ್ನು ತಗ್ಗಿಸಬೇಕೆಂಬ ಅವರ ನಿಲುವು ಸಹೋದ್ಯೋಗಿಗಳೆಲ್ಲರಿಗೆ ರುಚಿಸಲಿಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಪುಸ್ತಕವಿಲ್ಲದ ಮನೆಯಿಂದ ಬಂದ ಹುಡುಗನಿಗೆ ಪಾಠಕ್ಕಿಂತಲೂ ಗುರುವಿನ ಸಮೀಪ ದೊಡ್ಡದು. ಆದುದರಿಂದ ಈ ಒಂದು ಅಂಶವನ್ನು ಅವರ ಎಲ್ಲ ಗ್ರಂಥಗಳಿಗಿಂತ ಮೇಲಾಗಿ ನಾನು ಎಣಿಸುತ್ತೇನೆ. ವಿದ್ವಾಂಸರು ಒಪ್ಪದಿದ್ದರೆ ಕ್ಷಮಿಸಬೇಕು.

ಈ ಶ್ರಮದ ಮೊದಲ ದೊಡ್ಡ ಫಲ ಆನಂದರಾವ್ ಕೌಂಡಿನ್ಯರು. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ಈ ತರುಣ ಮಿಷನ್ನಿನ ಇಂಗ್ಲಿಷ್ ಶಾಲೆಯ ವಿದ್ಯಾರ್ಥಿ. 1844ರ ಜನವರಿಯಲ್ಲಿ ಅವರು ಇನ್ನಿಬ್ಬರು ಸಂಗಡಿಗರೊಂದಿಗೆ ಕ್ರೈಸ್ತ ದೀಕ್ಷೆಯನ್ನು ಪಡೆದಾಗ ಊರಿಗೆ ಊರೇ ಕೆರಳಿತು. ಮಕ್ಕಳನ್ನು ಕಳೆದುಕೊಂಡೆವೆಂದು ಆ ಮನೆಗಳವರು ಪಟ್ಟ ಸಂಕಟವು ಸಾಮಾನ್ಯವಾದುದಲ್ಲ. ಮಿಷನ್ನಿನ ಚರಿತ್ರೆಯನ್ನು ಬರೆಯುವವರು ಅದನ್ನು ಮರೆಯಬಾರದೆಂದು ನನಗೆ ತೋರುತ್ತದೆ. ಮೋಗ್ಲಿಂಗರು ಸ್ವಲ್ಪಕಾಲಾನಂತರ ತಾವು ಯುರೋಪಿಗೆ ಹೋಗುವಾಗ ಕೌಂಡಿನ್ಯರನ್ನೂ ಕರೆದೊಯ್ದು ಬಾಸೆಲ್ಲಿನ ವಿದ್ಯಾಲಯಕ್ಕೆ ಸೇರಿಸಿದರು. 1851ರಲ್ಲಿ ಕೌಂಡಿನ್ಯರು ದೀಕ್ಷೆ ಪಡೆದು ಸ್ವದೇಶಕ್ಕೆ ಹಿಂತಿರುಗಿದಾಗ ಯಾರಿಗೂ ಸಹಾಯಕರಾಗಿ ಬರಲಿಲ್ಲ; ಜರ್ಮನ್ ಬೋಧಕರಿಗೆ ಸರಿಸಮಾನರಾಗಿ ಬಂದರು. ಮುಂದೆ ಅದೇ ಸೆಮಿನರಿಯಲ್ಲಿ ಅವರೂ ಪಾಠ ಹೇಳಿದರು.

ಜನರ ಮುಂದೆ ನಿಂತು ಮಾತನಾಡಬೇಕಾದವನು ಆ ಜನರ ಕಾವ್ಯ, ಪುರಾಣ, ಹಾಡುಗಳನ್ನು ಅರಿಯದಿದ್ದರೆ ಅವನ ಬೋಧೆ ಗಾಳಿಗೆ ತೂರಿದ ಹೊಟ್ಟು. ಇದನ್ನು ಕಂಡುಕೊಂಡ ಮೋಗ್ಲಿಂಗರು ತಾವೇ ಕನ್ನಡದ ವಿದ್ಯಾರ್ಥಿಗಳಾದರು. ಗಾದೆಗಳನ್ನು ಕಲೆಹಾಕಿದರು. ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಕಾಸಮೇಜರರ ಧನಸಹಾಯದಿಂದ 1848ರಿಂದ ಮುಂದಕ್ಕೆ ಬಿಬ್ಲಿಯೋಥಿಕಾ ಕರ್ನಾಟಿಕಾ ಎಂಬ ಗ್ರಂಥಮಾಲೆಯನ್ನು ಹೊರತಂದರು. ಓಲೆಗರಿಗಳಲ್ಲಿ ಮಲಗಿದ್ದ ಲಕ್ಷ್ಮೀಶನ ಜೈಮಿನಿ ಭಾರತ, ಭೀಮಕವಿಯ ಬಸವಪುರಾಣ, ವಿರೂಪಾಕ್ಷ ಪಂಡಿತನ ಚೆನ್ನಬಸವ ಪುರಾಣ, ಹರಿದಾಸರ ಪದಗಳು ಈ ಮಾಲೆಯಲ್ಲಿ ಅಚ್ಚಿನ ಬೆಳಕನ್ನು ಕಂಡವು. ಬಸವಣ್ಣನವರ ಕಲ್ಯಾಣವು ನಮ್ಮ ಜಿಲ್ಲೆಯದು. ಆ ಶರಣರ ಕತೆಯನ್ನು ಕ್ರೈಸ್ತ ಪಾದ್ರಿಯೊಬ್ಬರು ಮಂಗಳೂರಿನ ಕಲ್ಲಿನ ಮೇಲೆ ಅಚ್ಚು ಹಾಕಿಸಿದರೆಂದು ಮೊದಲ ಬಾರಿ ಓದಿದಾಗ ನನಗೆ ನಂಬಿಕೆಯೇ ಬರಲಿಲ್ಲ.

ಅವರ ಉದ್ದೇಶವು ನಿಸ್ವಾರ್ಥವಾದ ಸಾಹಿತ್ಯಸೇವೆಯೊಂದೇ ಆಗಿತ್ತೆಂದು ಹೊಗಳುವುದು ಸರಿಯಲ್ಲ. ಈ ನಾಡಿನ ಮತಗಳನ್ನು ತಿಳಿದುಕೊಂಡು, ಅವುಗಳೊಡನೆ ವಾದಿಸಿ, ಜನರನ್ನು ತಮ್ಮ ಮತಕ್ಕೆ ತರಬೇಕೆಂಬುದೂ ಅವರ ಗುರಿಯೇ. ಆದರೆ ದಾಸರ ಹಾಡುಗಳು ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಸ್ವದೇಶಕ್ಕೆ ಮರಳಿದ ಮೇಲೆ ಅವುಗಳಲ್ಲಿ ಕೆಲವನ್ನು ಜರ್ಮನ್ ಭಾಷೆಗೆ ಅನುವಾದಿಸಿ ಅಲ್ಲಿಯ ಪ್ರಾಚ್ಯವಿದ್ಯೆಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಬರಿಯ ವಾದಕ್ಕಾಗಿ ಓದಿದವನು ಅಷ್ಟು ದೂರ ಹಾಡನ್ನು ಹೊತ್ತುಕೊಂಡು ಹೋಗುವನೇ?

1853ರಲ್ಲಿ ಅವರು ಕೊಡಗಿಗೆ ಹೋದರು. ದೀಕ್ಷೆ ಪಡೆದ ಸೋಮಯ್ಯನೆಂಬ ಕೊಡವನಿಗೆ ಊರಿನಲ್ಲಿ ನೆಲೆ ತಪ್ಪಬಾರದೆಂಬುದೇ ಆ ಪ್ರಯಾಣಕ್ಕೆ ನಿಮಿತ್ತ. ಅಲ್ಲಿದ್ದಾಗ ಆ ಸೀಮೆಯ ಚರಿತ್ರೆಯನ್ನು ಕುರಿತು ಇಂಗ್ಲಿಷಿನಲ್ಲಿ ಪುಸ್ತಕ ಬರೆದರು; ಅದು 1855ರಲ್ಲಿ ಪ್ರಕಟವಾಯಿತು. ಜಮೀನ್ದಾರರಲ್ಲಿ ಜೀತಕ್ಕಿದ್ದ ಹೊಲೆಯ ಕುಟುಂಬಗಳವರು ಅವರ ಬಳಿಗೆ ಬರತೊಡಗಿದಾಗ, ಅವರಿಗಾಗಿ ಆನಂದಪುರವೆಂಬ ಹೊಸ ಊರು ಹುಟ್ಟಿಕೊಂಡಿತು. ಅಲ್ಲಿ ಭೂಮಿಯನ್ನು ಕೊಂಡು ಕಾಫಿ ಬೆಳೆಸಲು ಮುಂದಾದವರು ಕೌಂಡಿನ್ಯರು. ಬ್ರಾಹ್ಮಣರ ಮನೆಯಲ್ಲಿ ಹುಟ್ಟಿದ ಪಾಲಕರು ಹೊಲೆಯರ ಸಭೆಯನ್ನು ನೋಡಿಕೊಂಡು, ಅವರ ನಡುವೆ ಬಾಳಿದರು. ಗುರುಗಳು ಬಲ್ಮಠದಲ್ಲಿ ಹೇಳಿದ ಪಾಠ ಇಲ್ಲಿ ಪರೀಕ್ಷೆಗೆ ಬಂದಿತೆನ್ನಬಹುದು.

1860ರಲ್ಲಿ ಮೋಗ್ಲಿಂಗರು ಸಂಸಾರಸಮೇತ ಜರ್ಮನಿಗೆ ತೆರಳಿದರು. ಮತ್ತೆ ಈ ಕಡೆ ಬರಲಾಗಲಿಲ್ಲ. ಅದಕ್ಕೆ ಮುಂಚೆಯೇ ಟ್ಯೂಬಿಂಗನ್ ವಿಶ್ವವಿದ್ಯಾನಿಲಯವು ಅವರ ಕನ್ನಡದ ಕೆಲಸಕ್ಕಾಗಿ ಗೌರವ ಡಾಕ್ಟರೇಟ್ ಪದವಿಯನ್ನಿತ್ತಿತ್ತು. ಕಿಟ್ಟೆಲರ ಸಾಹಿತ್ಯಕಾರ್ಯಕ್ಕೆ ಅವರ ಬೆಂಬಲವಿತ್ತಾದರೂ, 1894ರಲ್ಲಿ ಹೊರಬಂದ ಆ ಮಹಾನಿಘಂಟನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ. 1881ನೆಯ ಮೇ 10ರಂದು ಎಸ್ಲಿಂಗನ್ನಿನಲ್ಲಿ ಅವರು ಕಾಲವಾದರು. ಕೌಂಡಿನ್ಯರು 1893ರಲ್ಲಿ ತೀರಿಕೊಂಡರು.

ಕೌಂಡಿನ್ಯರಿಗೆ ದೊರೆತ ಸಮಾನತೆ ಅವರ ನಂತರದವರಿಗೆಲ್ಲ ಅಷ್ಟು ಸುಲಭವಾಗಿ ದೊರೆಯಲಿಲ್ಲ. ದೀಕ್ಷೆ ಪಡೆದ ಕನ್ನಡ ಪಾಲಕರ ಸಂಖ್ಯೆ ಹೆಚ್ಚಿದರೂ ಹಣದ ಕೀಲಿಕೈ, ಆಡಳಿತದ ಕಡೆಯ ಮಾತು ಯುರೋಪಿಯನ್ನರ ಕೈಯಲ್ಲಿಯೇ ಬಹುಕಾಲ ಉಳಿಯಿತು. 1914ರಲ್ಲಿ ಮಹಾಯುದ್ಧ ಆರಂಭವಾಯಿತು. ಬ್ರಿಟಿಷ್ ಸರಕಾರವು ಜರ್ಮನ್ ಬೋಧಕರನ್ನು ಶತ್ರುದೇಶದವರೆಂದು ಬಂಧನದಲ್ಲಿರಿಸಿ, ಬಳಿಕ ದೇಶದಿಂದ ಕಳುಹಿಸಿತು. ಕರಾವಳಿಯಿಂದ ಧಾರವಾಡದವರೆಗೆ ಸಭೆಗಳ ಭಾರ ಒಮ್ಮೆಲೇ ಇಲ್ಲಿಯವರ ಹೆಗಲಿಗೆ ಬಿತ್ತು. ಮುಂದಿನ ಭಾನುವಾರಗಳಲ್ಲಿ ವೇದಿಕೆಯನ್ನು ಹತ್ತಿ ಸತ್ಯವೇದವನ್ನು ತೆರೆದವರು ಕನ್ನಡದ ಪಾಲಕರು.