ಓಕ್ಲ್ಯಾಂಡ್ ನಗರಸಭೆಯ ಅಂಗಳದ ಹೆಸರು: ಫ್ರ್ಯಾಂಕ್ ಒಗಾವಾ

ಬೇ ಏರಿಯಾದ ಕನ್ನಡಿಗರಲ್ಲಿ ಅನೇಕರು ಅಮೆರಿಕದ ಪೌರತ್ವದ ಪ್ರಮಾಣವಚನ ಸ್ವೀಕರಿಸಿದ್ದು ಓಕ್ಲ್ಯಾಂಡಿನ ಪ್ಯಾರಮೌಂಟ್ ಥಿಯೇಟರಿನಲ್ಲಿ. ಬಲಗೈ ಎತ್ತಿ ಪ್ರಮಾಣ ಮಾಡಿ, ಪ್ರಮಾಣಪತ್ರ ಪಡೆದು, ಪುಟ್ಟ ಬಾವುಟ ಹಿಡಿದು ಫೋಟೋ ತೆಗೆಸಿಕೊಂಡು ಎಲ್ಲರೂ ಮನೆಗೆ ಹೊರಟುಬಿಡುತ್ತೇವೆ. ಆ ಥಿಯೇಟರಿನಿಂದ ಬ್ರಾಡ್‌ವೇ ರಸ್ತೆಯಲ್ಲಿ ದಕ್ಷಿಣಕ್ಕೆ ಹತ್ತು ನಿಮಿಷ ನಡೆದರೆ ಹದಿನಾಲ್ಕನೆಯ ಬೀದಿಯ ಮೂಲೆಯಲ್ಲಿ ಒಂದು ವಿಶಾಲವಾದ ಅಂಗಳ ಸಿಗುತ್ತದೆ. ಅಂಗಳದ ನಡುವೆ ಒಂದು ದೊಡ್ಡ ಓಕ್ ಮರ, ಹಿಂದೆ ಬಿಳಿಯ ಬಣ್ಣದ ಎತ್ತರದ ನಗರಸಭಾ ಭವನ. ಆ ಅಂಗಳದ ಹೆಸರು ಫ್ರ್ಯಾಂಕ್ ಎಚ್. ಒಗಾವಾ ಪ್ಲಾಜಾ.

ಯಾರು ಈ ಒಗಾವಾ? ನಮ್ಮಲ್ಲಿ ಬಹಳ ಜನ ಕೇಳಿರಲಾರರು. ಬೆಂಗಳೂರಿನಲ್ಲಿ ಬೆಳೆದವರೂ ಟೌನ್ ಹಾಲ್ ಎಂದು ಸಾವಿರ ಸಲ ಹೇಳಿದ್ದರೂ, ಅದು ನಗರಸಭೆಯ ಅಧ್ಯಕ್ಷರಾಗಿದ್ದ ಸರ್ ಕೆ. ಪಿ. ಪುಟ್ಟಣ್ಣ ಚೆಟ್ಟಿಯವರ ಹೆಸರಿನ ಪುರಭವನವೆಂದು ನೆನೆಯುವವರು ಕಡಿಮೆ. ಊರಿಗಾಗಿ ದುಡಿದವರ ಹೆಸರು ಕಲ್ಲಿನ ಮೇಲೆ ಉಳಿಯುತ್ತದೆ, ಜನರ ಬಾಯಲ್ಲಿ ಉಳಿಯುವುದಿಲ್ಲ. ಆದರೆ ಒಗಾವಾ ಅವರ ಬದುಕು ವಲಸೆ ಬಂದ ನಮ್ಮಂಥವರು, ಅದರಲ್ಲೂ ಇಲ್ಲಿ ಹುಟ್ಟಿದ ನಮ್ಮ ಮಕ್ಕಳು, ತಿಳಿದುಕೊಳ್ಳಲೇಬೇಕಾದದ್ದು.

ಫ್ರ್ಯಾಂಕ್ ಒಗಾವಾ ಹುಟ್ಟಿದ್ದು 1917ರಲ್ಲಿ, ಕ್ಯಾಲಿಫೋರ್ನಿಯಾದ ಲೋಡೈ ಪಟ್ಟಣದಲ್ಲಿ. ಸ್ಟಾಕ್ಟನ್ ಊರಿಗೆ ಹತ್ತಿರದ ಈ ಪಟ್ಟಣ ದ್ರಾಕ್ಷಿ ತೋಟಗಳಿಗೆ ಹೆಸರಾದದ್ದು. ಜಪಾನಿನಿಂದ ವಲಸೆ ಬಂದ ಮೊದಲ ತಲೆಮಾರಿನವರನ್ನು ಅವರ ಭಾಷೆಯಲ್ಲಿ ಇಸ್ಸೆಯಿ ಎನ್ನುತ್ತಾರೆ; ಇಲ್ಲಿ ಹುಟ್ಟಿದ ಎರಡನೆಯ ತಲೆಮಾರಿನವರು ನಿಸೆಯಿ. ಒಗಾವಾ ನಿಸೆಯಿ. ಅಂದರೆ ಹುಟ್ಟಿನಿಂದಲೇ ಅಮೆರಿಕದ ಪ್ರಜೆ, ನಮ್ಮ ಮಕ್ಕಳ ಹಾಗೆ.

ಆದರೆ ಆಗಿನ ಕಾಲ ಬೇರೆ. ಇಸ್ಸೆಯಿಗಳು ಎಷ್ಟು ವರ್ಷ ಇಲ್ಲಿ ದುಡಿದರೂ ಪೌರತ್ವ ಪಡೆಯುವಂತಿರಲಿಲ್ಲ. ಪೌರತ್ವಕ್ಕೆ ಅರ್ಹರಲ್ಲದವರು ಕೃಷಿಭೂಮಿ ಕೊಳ್ಳಬಾರದೆಂದು ಕ್ಯಾಲಿಫೋರ್ನಿಯಾ 1913ರಲ್ಲಿ ಕಾನೂನು ಮಾಡಿ, 1920ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಿತ್ತು. ಇದು ಜಪಾನೀಯರ ಕಥೆ ಮಾತ್ರವಲ್ಲ. ಭಾರತೀಯರಿಗೂ ಪೌರತ್ವವಿಲ್ಲವೆಂದು ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1923ರಲ್ಲಿ ತೀರ್ಪು ಕೊಟ್ಟಿತು. ಭಾರತೀಯರಿಗೆ ಆ ಬಾಗಿಲು ತೆರೆದದ್ದು 1946ರಲ್ಲಿ, ಜಪಾನೀಯರಿಗೆ 1952ರಲ್ಲಿ. ಇಂದು ನಾವು ಅರ್ಜಿ ತುಂಬಿ, ಶುಲ್ಕ ಕಟ್ಟಿ, ಸಂದರ್ಶನಕ್ಕೆ ಹೋಗಿ ಪಡೆಯುವ ಪೌರತ್ವಕ್ಕೆ ಹಿಂದಿನವರು ಇಡೀ ಆಯುಷ್ಯ ಕಾದದ್ದುಂಟು!

1941ರ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರಿನ ಮೇಲೆ ದಾಳಿ ಮಾಡಿತು. ಒಗಾವಾ ಅವರಿಗೆ ಆಗ ಇಪ್ಪತ್ತನಾಲ್ಕು ವರ್ಷ. ಮುಂದಿನ ಕೆಲವೇ ವಾರಗಳಲ್ಲಿ ಪಶ್ಚಿಮ ಕರಾವಳಿಯ ಜಪಾನೀ ಮೂಲದವರೆಲ್ಲರೂ ಶತ್ರುಗಳೆಂಬ ಕೂಗು ಎದ್ದಿತು. ಓಕ್ಲ್ಯಾಂಡಿನ ಫ್ರ್ಯಾಂಕ್ಲಿನ್ ಬೀದಿಯ ಒಂದು ದಿನಸಿ ಅಂಗಡಿಯ ಮಾಲೀಕರು ತಾವು ಅಮೆರಿಕನ್ ಎಂದು ದೊಡ್ಡ ಅಕ್ಷರಗಳಲ್ಲಿ ಬರೆಸಿ ಅಂಗಡಿಯ ಮುಂದೆ ಫಲಕ ತೂಗುಹಾಕಿದರು. ಡೊರೊಥಿಯಾ ಲ್ಯಾಂಜ್ ಎಂಬ ಛಾಯಾಗ್ರಾಹಕಿ ತೆಗೆದ ಅದರ ಚಿತ್ರ ಲೋಕಪ್ರಸಿದ್ಧ. ಆ ಫಲಕದಿಂದ ಅಂಗಡಿಯೇನೂ ಉಳಿಯಲಿಲ್ಲ. 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ ಒಂದು ಆದೇಶಕ್ಕೆ ಸಹಿ ಹಾಕಿದರು. ಅದರ ಫಲವಾಗಿ ಸುಮಾರು 1,20,000 ಜನರನ್ನು ಮನೆಗಳಿಂದ ಎಬ್ಬಿಸಿ ಶಿಬಿರಗಳಿಗೆ ಸಾಗಿಸಲಾಯಿತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಜನ ಈ ದೇಶದಲ್ಲೇ ಹುಟ್ಟಿದ ಪ್ರಜೆಗಳು. ಅವರ ಮೇಲೆ ಯಾವ ಆರೋಪವಿಲ್ಲ, ವಿಚಾರಣೆಯಿಲ್ಲ. ಕೈಯಲ್ಲಿ ಹಿಡಿಯಲಾದಷ್ಟು ಸಾಮಾನು ಮಾತ್ರ ಒಯ್ಯಲು ಅನುಮತಿ. ಅಂಗಡಿ, ತೋಟ, ಕಾರುಗಳನ್ನು ಸಿಕ್ಕಿದ ಬೆಲೆಗೆ ಮಾರಿ ಹೊರಡಬೇಕಾಯಿತು.

ಬೇ ಏರಿಯಾದ ಜಪಾನೀ ಕುಟುಂಬಗಳಲ್ಲಿ ಹೆಚ್ಚಿನವರನ್ನು ಮೊದಲು ಇರಿಸಿದ್ದು ಸ್ಯಾನ್ ಬ್ರೂನೋದ ಟ್ಯಾನ್‌ಫೊರಾನ್ ಕುದುರೆ ಜೂಜಿನ ಮೈದಾನದಲ್ಲಿ. ಹೌದು, ಮುಂದೆ ನಾವೆಲ್ಲ ಶಾಪಿಂಗಿಗೆ ಹೋಗುತ್ತಿದ್ದ ಟ್ಯಾನ್‌ಫೊರಾನ್ ಮಾಲ್ ಎದ್ದದ್ದು ಅದೇ ಜಾಗದಲ್ಲಿ! ಕುದುರೆ ಲಾಯಗಳಿಗೆ ಸುಣ್ಣ ಬಳಿದು ಮನೆ ಎಂದು ಕೊಟ್ಟಿದ್ದರು. ಅಲ್ಲಿಂದ ಯೂಟಾ ರಾಜ್ಯದ ಮರುಭೂಮಿಯ ಟೋಪಾಜ್ ಶಿಬಿರಕ್ಕೆ ರೈಲು. 1942ರ ಸೆಪ್ಟೆಂಬರಿನಲ್ಲಿ ತೆರೆದ ಆ ಶಿಬಿರದಲ್ಲಿ ಒಂದು ಹಂತದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಜನರಿದ್ದರು. ಟಾರು ಕಾಗದ ಹೊದಿಸಿದ ಮರದ ಜೋಪಡಿಗಳು, ಸುತ್ತ ಮುಳ್ಳುತಂತಿ, ಬೇಸಿಗೆಯಲ್ಲಿ ಧೂಳಿನ ಬಿರುಗಾಳಿ, ಚಳಿಗಾಲದಲ್ಲಿ ಹಿಮ. ಫ್ರ್ಯಾಂಕ್ ಒಗಾವಾ ಮತ್ತು ಅವರ ಪತ್ನಿ ಗ್ರೇಸ್ ಯುದ್ಧಕಾಲದ ವರ್ಷಗಳನ್ನು ಕಳೆದದ್ದು ಈ ಟೋಪಾಜ್ ಶಿಬಿರದಲ್ಲಿ. ಬೇರೆಯವರು ಮನೆ ಕಟ್ಟಿ, ಕೆಲಸದಲ್ಲಿ ನೆಲೆಗೊಳ್ಳುವ ವಯಸ್ಸಿನಲ್ಲಿ ಅವರು ತಮ್ಮದೇ ದೇಶದಲ್ಲಿ ಸೆರೆಯಲ್ಲಿದ್ದರು.

ಇದೇ ಹೊತ್ತಿನಲ್ಲಿ ಓಕ್ಲ್ಯಾಂಡಿನ ಇನ್ನೊಬ್ಬ ತರುಣ, ಹೂವಿನ ನರ್ಸರಿ ನಡೆಸುತ್ತಿದ್ದ ಮನೆಯ ಫ್ರೆಡ್ ಕೊರೆಮಾತ್ಸು, ಶಿಬಿರಕ್ಕೆ ಹೋಗಲು ಒಪ್ಪದೆ ಬಂಧನಕ್ಕೊಳಗಾಗಿ ಸುಪ್ರೀಂ ಕೋರ್ಟಿನವರೆಗೆ ಹೋರಾಡಿದರು. 1944ರಲ್ಲಿ ಸೋತರು, ಕೊನೆಗೆ 1983ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಫೆಡರಲ್ ನ್ಯಾಯಾಲಯ ಅವರ ಮೇಲಿನ ಶಿಕ್ಷೆಯನ್ನು ರದ್ದುಮಾಡಿತು. ಕೊರೆಮಾತ್ಸು ಅವರದು ನ್ಯಾಯಾಲಯದ ದಾರಿ. ಒಗಾವಾ ಹಿಡಿದದ್ದು ಬೇರೊಂದು ದಾರಿ, ಸದ್ದಿಲ್ಲದ ದಾರಿ.

1945ರಲ್ಲಿ ಯುದ್ಧ ಮುಗಿದು ಶಿಬಿರ ಮುಚ್ಚಿತು. ಮರಳಿ ಬಂದವರಿಗೆ ಮನೆ ಬಾಡಿಗೆಗೆ ಸಿಗುವುದೇ ಕಷ್ಟ. ಬಿಳಿಯರಲ್ಲದವರಿಗೆ ಮಾರಕೂಡದೆಂಬ ಷರತ್ತು ಎಷ್ಟೋ ಮನೆಗಳ ಕ್ರಯಪತ್ರದಲ್ಲೇ ಇರುತ್ತಿತ್ತು. ಅಂಥ ಷರತ್ತನ್ನು ನ್ಯಾಯಾಲಯಗಳು ಜಾರಿಗೊಳಿಸಕೂಡದೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1948ರಲ್ಲಿ. ಓದಿದ ನಿಸೆಯಿಗಳಿಗೂ ಕಚೇರಿಗಳಲ್ಲಿ ಕೆಲಸ ಸಿಗದೆ ಅನೇಕರು ತೋಟಗಾರಿಕೆಗೆ ಇಳಿದರು. ಒಗಾವಾ ಕೂಡ ನರ್ಸರಿ ವ್ಯಾಪಾರದಲ್ಲಿ ನಿಂತರು. ಸಸಿ, ಗೊಬ್ಬರ, ಗಿಡಗಳ ನಡುವೆ ಬದುಕು ಮತ್ತೆ ಕಟ್ಟಿಕೊಂಡರು.

ಇಲ್ಲಿಗೇ ನಿಂತುಬಿಡಬಹುದಿತ್ತು. ನಮ್ಮ ಪಾಡಿಗೆ ನಾವು, ಯಾರ ತಂಟೆಯೂ ಬೇಡ ಎಂದುಕೊಂಡು ಬಾಗಿಲು ಹಾಕಿಕೊಂಡಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಸೆರೆಗೆ ತಳ್ಳಿದ ಸರಕಾರದ ಸಹವಾಸವೇ ಬೇಡ ಎಂದವರು ಎಷ್ಟೋ ಜನ. ಒಗಾವಾ ಮಾತ್ರ ಸಾರ್ವಜನಿಕ ಕೆಲಸಕ್ಕೆ ಇಳಿದರು. ಅವರಿಗೆ ಸಿಕ್ಕ ಮೊದಲ ಜವಾಬ್ದಾರಿ ಅವರ ಕಸುಬಿಗೆ ಒಪ್ಪುವಂಥದ್ದೇ: ಓಕ್ಲ್ಯಾಂಡಿನ ಉದ್ಯಾನಗಳ ಕಮಿಷನ್ನಿನ ಸದಸ್ಯತ್ವ. ಲೇಕ್ ಮೆರಿಟ್ ಸರೋವರದ ದಂಡೆ, ಮಕ್ಕಳನ್ನು ನಾವೆಲ್ಲ ಕರೆದುಕೊಂಡು ಹೋಗುವ ಫೇರಿಲ್ಯಾಂಡ್ ಇರುವ ಲೇಕ್‌ಸೈಡ್ ಪಾರ್ಕ್, ಬಡಾವಣೆಗಳ ಆಟದ ಮೈದಾನಗಳು, ಇವೆಲ್ಲ ಊರಿನ ಉದ್ಯಾನಗಳು. ಮರ ಎಲ್ಲಿ ನೆಡಬೇಕು, ನೀರು ಎಲ್ಲಿಂದ ಬರಬೇಕು, ಬೆಂಚು ಎಲ್ಲಿ ಬೇಕು, ದುಡ್ಡು ಎಷ್ಟು ಎಂಬ ಚರ್ಚೆಯಲ್ಲಿ ಹೆಸರು ಬರುವಂಥದ್ದು ಏನೂ ಇಲ್ಲ. ಆದರೆ ಊರು ಹೇಗೆ ನಡೆಯುತ್ತದೆಂದು ಕಲಿಯಲು ಅದಕ್ಕಿಂತ ಒಳ್ಳೆಯ ಪಾಠಶಾಲೆಯೂ ಇಲ್ಲ.

1966ರಲ್ಲಿ ನಗರಸಭೆಯಲ್ಲಿ ಒಂದು ಸ್ಥಾನ ತೆರವಾದಾಗ ಅದಕ್ಕೆ ಒಗಾವಾ ಅವರನ್ನು ನೇಮಿಸಲಾಯಿತು. ಅಮೆರಿಕದ ಮುಖ್ಯ ಭೂಭಾಗದ ಒಂದು ದೊಡ್ಡ ನಗರದ ಕೌನ್ಸಿಲ್ ಸದಸ್ಯರಾದ ಮೊದಲ ಜಪಾನೀ ಅಮೆರಿಕನ್ ಎಂಬ ಹೆಗ್ಗಳಿಕೆ ಅವರದಾಯಿತು. ಟೋಪಾಜ್ ಶಿಬಿರ ಮುಚ್ಚಿ ಆಗ ಇಪ್ಪತ್ತೊಂದು ವರ್ಷ. ಸೆರೆಯಲ್ಲಿದ್ದವರು ನಗರವನ್ನು ಆಳುವವರ ಸಾಲಿನಲ್ಲಿ ಕುಳಿತಿದ್ದರು! ನೇಮಕ ಒಮ್ಮೆ ಆಗಬಹುದು. ಆದರೆ ಮುಂದೆ ಸಲಸಲವೂ ಚುನಾವಣೆಗೆ ನಿಂತು, ಎಲ್ಲ ಬಣ್ಣದ ಜನರ ಮತ ಪಡೆದು ಗೆಲ್ಲಬೇಕಲ್ಲವೇ? ಒಗಾವಾ ಗೆಲ್ಲುತ್ತಲೇ ಹೋದರು. 1994ರಲ್ಲಿ ತಮ್ಮ ಎಪ್ಪತ್ತೇಳನೆಯ ವಯಸ್ಸಿನಲ್ಲಿ ಕೊನೆಯುಸಿರೆಳೆಯುವವರೆಗೆ, ಇಪ್ಪತ್ತೆಂಟು ವರ್ಷ ಅವರು ಕೌನ್ಸಿಲ್ ಸದಸ್ಯರಾಗಿಯೇ ಇದ್ದರು.

ಆ ಇಪ್ಪತ್ತೆಂಟು ವರ್ಷ ಸುಲಭದ ವರ್ಷಗಳಲ್ಲ. ಅವರು ಸದಸ್ಯರಾದ 1966ರಲ್ಲೇ ಓಕ್ಲ್ಯಾಂಡಿನಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಹುಟ್ಟಿತು. ಆವರೆಗೆ ಬಹುತೇಕ ಬಿಳಿಯರದೇ ಆಗಿದ್ದ ನಗರಸಭೆ ನಿಧಾನವಾಗಿ ಬದಲಾಯಿತು. ಒಗಾವಾ ಅವರಿಗಿಂತ ಸ್ವಲ್ಪ ಮೊದಲು ಜೋಶುವಾ ರೋಸ್ ಎಂಬ ಆಫ್ರಿಕನ್ ಅಮೆರಿಕನ್, ಸ್ವಲ್ಪ ನಂತರ ರೇಮಂಡ್ ಎಂಗ್ ಎಂಬ ಚೀನೀ ಅಮೆರಿಕನ್ ಕೌನ್ಸಿಲ್ ಸೇರಿದರು. 1977ರಲ್ಲಿ ಲಯೊನೆಲ್ ವಿಲ್ಸನ್ ನಗರದ ಮೊದಲ ಕಪ್ಪು ವರ್ಣೀಯ ಮೇಯರ್ ಆದರು. 1989ರ ಅಕ್ಟೋಬರ್ 17ರ ಭೂಕಂಪ ಬಂತು. ಸೈಪ್ರೆಸ್ ಮೇಲುರಸ್ತೆ ಕುಸಿದು 42 ಜನ ಸತ್ತರು, ನಗರಸಭಾ ಭವನವೇ ಬಿರುಕುಬಿಟ್ಟಿತು. 1991ರಲ್ಲಿ ಬೆಟ್ಟದ ಬಡಾವಣೆಗಳಿಗೆ ಬೆಂಕಿ ಬಿದ್ದು 25 ಜನರ ಪ್ರಾಣ ಹೋಯಿತು, ಸುಮಾರು 3,000 ಮನೆಗಳು ಬೂದಿಯಾದವು. ಇಷ್ಟೆಲ್ಲದರ ನಡುವೆ ವಾರದ ಸಭೆ, ಬಜೆಟ್ಟು, ಚರಂಡಿ, ದೀಪ, ಪೊಲೀಸ್ ಎಂಬ ನಿತ್ಯದ ಕೆಲಸ ನಡೆಯಲೇಬೇಕು. ಜನಪ್ರತಿನಿಧಿಯ ಪರೀಕ್ಷೆ ನಡೆಯುವುದು ಇಂಥ ಕೆಲಸದಲ್ಲಿ.

ತಮ್ಮ ಹಿರಿಯರ ನಾಡನ್ನೂ ಒಗಾವಾ ಮರೆಯಲಿಲ್ಲ. 1962ರಲ್ಲಿ ಓಕ್ಲ್ಯಾಂಡ್ ಮತ್ತು ಜಪಾನಿನ ಫುಕುವೋಕಾ ಸೋದರಿ ನಗರಗಳಾದವು. ಆ ಬಾಂಧವ್ಯವನ್ನು ಬೆಳೆಸುವುದರಲ್ಲಿ ಅವರು ಬಹಳ ಕೈಜೋಡಿಸಿದರು. ಯಾವ ಮೂಲದಿಂದಾಗಿ ಸೆರೆಗೆ ಹೋಗಬೇಕಾಯಿತೋ ಅದೇ ಮೂಲವನ್ನು ಎರಡು ಊರುಗಳ ನಡುವಿನ ಸೇತುವೆ ಮಾಡಿಕೊಂಡರು. ಇಲ್ಲಿಯವರಾಗಬೇಕಾದರೆ ಅಲ್ಲಿಯದನ್ನು ಬಿಡಬೇಕು ಎಂದು ವಾದಿಸುವವರಿಗೆ ಅವರ ಬದುಕೇ ಉತ್ತರ.

ಸರಕಾರ ತನ್ನ ತಪ್ಪನ್ನು ಒಪ್ಪಿಕೊಂಡದ್ದನ್ನೂ ಅವರು ಕಂಡರು. 1988ರಲ್ಲಿ ಅಧ್ಯಕ್ಷ ರೇಗನ್ ಸಹಿ ಹಾಕಿದ ಕಾಯಿದೆಯಂತೆ, ಶಿಬಿರಗಳಲ್ಲಿದ್ದು ಬದುಕುಳಿದಿದ್ದ ಪ್ರತಿಯೊಬ್ಬರಿಗೂ ಕ್ಷಮಾಪಣೆಯ ಜೊತೆಗೆ 20,000 ಡಾಲರ್ ಪರಿಹಾರ ಕೊಡಲಾಯಿತು. ನಲವತ್ತಾರು ವರ್ಷ ತಡವಾಗಿ! ಆ ಕಾಯಿದೆ ಆಕಾಶದಿಂದ ಉದುರಲಿಲ್ಲ. ನಗರಸಭೆಗಳಲ್ಲಿ, ಶಾಲಾ ಮಂಡಳಿಗಳಲ್ಲಿ, ವಾಷಿಂಗ್ಟನ್ನಿನಲ್ಲಿ ಜಪಾನೀ ಅಮೆರಿಕನ್ನರು ಒಬ್ಬೊಬ್ಬರಾಗಿ ಬಂದು ಕುಳಿತಿದ್ದರಿಂದ ಅವರ ಮಾತಿಗೆ ಕಿವಿಗೊಡುವವರು ಹುಟ್ಟಿದರು. 1942ರಲ್ಲಿ ಅವರ ಪರವಾಗಿ ಎದ್ದು ನಿಂತು ಮಾತಾಡಲು ಅಂಥ ಸ್ಥಾನಗಳಲ್ಲಿ ಅವರವರು ಇರಲಿಲ್ಲ.

ಭೂಕಂಪದ ಪೆಟ್ಟು ತಿಂದ ನಗರಸಭಾ ಭವನ ದುರಸ್ತಿಯಾಗಿ 1995ರಲ್ಲಿ ಮತ್ತೆ ತೆರೆಯಿತು. ಅದನ್ನು ನೋಡಲು ಒಗಾವಾ ಇರಲಿಲ್ಲ. ಮುಂದೆ ಅದರ ಮುಂದಿನ ಅಂಗಳಕ್ಕೆ ಅವರ ಹೆಸರಿಟ್ಟರು. ಅವರ ಪ್ರತಿಮೆಯನ್ನೂ ಸ್ಥಾಪಿಸಿದರು. 2011ರ ಆಕ್ಯುಪೈ ಚಳವಳಿಯವರು ಅಲ್ಲಿ ಡೇರೆ ಹಾಕಿದಾಗ ಅಂಗಳವನ್ನು ಬೇರೆ ಹೆಸರಿನಿಂದ ಕರೆದದ್ದುಂಟು. ಆದರೂ ಒಗಾವಾ ಹೆಸರು ಉಳಿಯಿತು. ಅಂಗಳದ ನಡುವಿನ ಓಕ್ ಮರವನ್ನು ಸಾಹಿತಿ ಜ್ಯಾಕ್ ಲಂಡನ್ ನೆನಪಿಗಾಗಿ ನೆಟ್ಟದ್ದು 1917ರಲ್ಲಿ, ಒಗಾವಾ ಹುಟ್ಟಿದ ವರ್ಷದಲ್ಲೇ. ಗಿಡಗಳನ್ನೇ ನಂಬಿ ಬದುಕಿದವರಿಗೆ ಇದಕ್ಕಿಂತ ಒಪ್ಪುವ ಜಾಗ ಇನ್ನೊಂದು ಇರಲಾರದು.

ನಾವು ಈ ಕಥೆಯಿಂದ ತಿಳಿಯಬೇಕಾದದ್ದೇನು? ನಮ್ಮಲ್ಲಿ ಪೌರತ್ವ ಸಿಕ್ಕ ಮೇಲೂ ಮತದಾರರ ಪಟ್ಟಿಗೆ ಹೆಸರು ಸೇರಿಸದವರಿದ್ದಾರೆ. ದೇವಸ್ಥಾನದ ಕಟ್ಟಡಕ್ಕೆ ಅನುಮತಿ ಬೇಕಾದಾಗ, ಪಾರ್ಕಿಂಗ್ ಬಗ್ಗೆ ನೆರೆಹೊರೆಯವರು ತಕರಾರು ತೆಗೆದಾಗ ಮಾತ್ರ ಸಿಟಿ ಹಾಲಿನ ಬಾಗಿಲು ನೆನಪಾಗುತ್ತದೆ. ಆಗ ಒಳಗೆ ಕುಳಿತವರಿಗೆ ನಮ್ಮ ಪರಿಚಯವೇ ಇರುವುದಿಲ್ಲ. 2001ರ ಸೆಪ್ಟೆಂಬರ್ ನಂತರ ಸಿಖ್ಖರನ್ನೂ ಮುಸ್ಲಿಮರನ್ನೂ ಜನ ಅನುಮಾನದಿಂದ ಕಂಡಾಗ ಅವರ ಪರವಾಗಿ ಮೊದಲು ದನಿ ಎತ್ತಿದವರಲ್ಲಿ ಜಪಾನೀ ಅಮೆರಿಕನ್ ಹಿರಿಯರಿದ್ದರು. ನೊಂದವರಿಗಷ್ಟೇ ನೋವು ಗೊತ್ತು.

ಎಲ್ಲರೂ ಚುನಾವಣೆಗೆ ನಿಲ್ಲಬೇಕಿಲ್ಲ. ಗ್ರಂಥಾಲಯ, ಉದ್ಯಾನ, ಯೋಜನಾ ವಿಭಾಗ ಎಂದು ಪ್ರತಿ ಊರಿನಲ್ಲೂ ಸ್ವಯಂಸೇವಕರ ಕಮಿಷನ್ನುಗಳಿವೆ, ಅರ್ಜಿ ಹಾಕಿದರೆ ಸಾಕು. ನಿವೃತ್ತರಾದ ಹಿರಿಯರಿಗೂ ಕಾಲೇಜಿನ ಮಕ್ಕಳಿಗೂ ಅಲ್ಲಿ ಕೆಲಸವಿದೆ. ಜನಸೇವೆಯೇ ಜನಾರ್ದನ ಸೇವೆ ಎಂದು ದೇವಸ್ಥಾನದಲ್ಲಿ ಊಟ ಬಡಿಸುವ ನಮ್ಮ ಕೈಗಳು ಊರಿನ ಕೆಲಸಕ್ಕೂ ನೆರವಾಗಲಿ. ಮುಂದಿನ ಸಲ ಲೇಕ್ ಮೆರಿಟ್ ಕಡೆ ಹೋದಾಗ ಮಕ್ಕಳೊಂದಿಗೆ ಆ ಓಕ್ ಮರದ ಕೆಳಗೆ ಐದು ನಿಮಿಷ ನಿಲ್ಲಿ, ಫಲಕದ ಮೇಲಿನ ಹೆಸರು ಯಾರದೆಂದು ಹೇಳಿ.